ಸೊರಬದ ಹೆಸರು ಬರೆಯದ ಕಾಗದ

ತೊಂಬತ್ತೊಂಬತ್ತನೇ ಇಸವಿ, ಏಪ್ರಿಲ್ ಕೊನೆ. ಬಿಸಿಲಿನ್ನೂ ಏರದ ಬೆಳಗಿನ ಎಂಟು ಗಂಟೆ. ಶಿಕಾರಿಪುರದ ಸರ್ವರ್ ಬೀ ಮನೆಯಂಗಳದಲ್ಲಿ ಸಬ್ರೀನ್ ಕೋಲು ಹಿಡಿದು ಹಳೇ ಗಾದಿಯ ಹತ್ತಿ ಬಡಿಯುತ್ತಿದ್ದಳು. ಸೊರಬದಲ್ಲಿ ಗಾದಿ ಹೊಲಿಯುವ ಮಸ್ತಾನ್ ಸಾಬ್‌ನ ಮಗಳು ಅವಳು. ಅಪ್ಪ ಸೊಂಟ ಮುರಿದುಕೊಂಡು ಮಲಗಿದ ಮೇಲೆ ಕೋಲು, ಸೂಜಿ ಎರಡೂ ಅವಳ ಕೈಗೆ ಬಂದಿದ್ದವು.

ಒಳಗಿಂದ ಒಬ್ಬ ಬಂದವನು ಹಾರುವ ಹತ್ತಿಯ ನಡುವೆ ನಿಂತೇಬಿಟ್ಟ.

"ಸರೀರಿ ಅತ್ಲಾಗೆ. ಮೂಗಿಗೆ ಹೋಗ್ತದೆ."

"ಹೋಗ್ಲಿ ಬಿಡ್ರೀ. ಕರಾಚಿಯಿಂದ ಇಲ್ಲಿವರೆಗೂ ಬರೀ ಧೂಳು ಕುಡ್ಕೊಂಡು ಬಂದಿದ್ದೀನಿ."

ಕೋಲು ನಿಂತಿತು. ಕರಾಚಿಯವನ ಬಾಯಲ್ಲಿ ಕನ್ನಡ.

ಅವನು ಫರ್ದೀನ್, ಸರ್ವರ್ ಬೀಯ ಮೊಮ್ಮಗ. ಸರ್ವರ್ ಬೀಯ ಒಬ್ಬಳೇ ಮಗಳು ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಆ ದೇಶಕ್ಕೆ ಹೋದವಳು, ಈ ಅಂಗಳದ ಮಾತನ್ನು ಹಾಗೇ ಮಗನಿಗೆ ಕಲಿಸಿದ್ದಳು. ಅದಕ್ಕೇ ಅವನಿಗೆ ಬಸ್ಸು ಇನ್ನೂ ಮೋಟಾರು, ಸಿನಿಮಾ ಇನ್ನೂ ಟಾಕಿ.

"ನೀವು ಮಾತಾಡಿದ್ರೆ ನಮ್ಮಜ್ಜಿ ಎದ್ದು ಬಂದಂಗಾಗ್ತದೆ," ಅಂದಳು ಸಬ್ರೀನ್.

"ಅಜ್ಜಿ ಚೆಂದ ಇದ್ರಾ?"

"ಹಲ್ಲಿರ್ಲಿಲ್ಲ."

ಅವನು ನಕ್ಕ. ಹುಬ್ಬಿನ ಮೇಲೆ ಹತ್ತಿಯ ಎಳೆಯೊಂದು ಕೂತಿತ್ತು. ಅದನ್ನು ತೆಗೆಯಬೇಕೆಂದು ಅವಳ ಬೆರಳು ಎದ್ದವು. ಎದ್ದ ಬೆರಳು ಮತ್ತೆ ಕೋಲನ್ನೇ ಹಿಡಿದವು.

ಎರಡು ದಿನದ ಕೆಲಸ ಎಂಟು ದಿನವಾಯಿತು. ದಿನಾ ಬಸ್ಸಿಗೆ ಬಂದು ದಿನಾ ಬಸ್ಸಿಗೆ ಹೋದಳು. ಒಂಬತ್ತನೇ ದಿನ ಸರ್ವರ್ ಬೀ ಅಂದಳು, "ಇನ್ನೆಷ್ಟು ಬಡೀತೀಯೇ, ಹತ್ತಿಗೂ ಜೀವ ಇದೆ. ನಿಮ್ಮಪ್ಪನ ಹತ್ರ ನಿನ್ನ ಇವನಿಗೆ ಕೇಳಿಸ್ತೀನಿ, ಬಿಡು."

ಅವರ ಮನೆತನದಲ್ಲಿ ಹೆಣ್ಣು ಕೇಳುವುದು ಹೆಣ್ಣಿನ ಮನೆಯ ಹೊಸ್ತಿಲೊಳಗೇ. ಹುಡುಗ ತನ್ನ ಕೈಯಾರೆ ಹುಡುಗಿಯ ಅಪ್ಪನ ಬಾಯಿಗೆ ಸಕ್ಕರೆ ಹಾಕಬೇಕು. ಮಸ್ತಾನ್ ಸಾಬ್ ಹಾಸಿಗೆ ಬಿಟ್ಟೇಳುವ ಹಾಗಿಲ್ಲ. ಫರ್ದೀನನೇ ಸೊರಬಕ್ಕೆ ಹೋಗಬೇಕು.

ಆದರೆ ಪಾಕಿಸ್ತಾನದಿಂದ ಬಂದವನು ವೀಸಾದಲ್ಲಿ ಬರೆದ ಊರು ಬಿಟ್ಟು ಬೇರೆಡೆ ಹೋಗುವಂತಿಲ್ಲ. ಆ ಕಾಗದದಲ್ಲಿ ಸೊರಬವಿಲ್ಲ. ಹೋದ ವರ್ಷ ಮೊಮ್ಮಗನನ್ನು ಕರೆಸಲು ಜಾಮೀನು ಕಾಗದ ತುಂಬುವಾಗ ಬರೆಯುವವನು ಕೇಳಿದ್ದ, "ಶಿಕಾರಿಪುರ ಬಿಟ್ಟು ಬೇರೆ ಊರು ಯಾವ್ದಮ್ಮ?" ಸರ್ವರ್ ಬೀ ಇಲ್ಲ ಅಂದಿದ್ದಳು. ಸೊರಬ ಅವಳ ತವರು, ಮಸ್ತಾನ್ ಸಾಬ್ ಅವಳ ಅಣ್ಣನ ಮಗ. ತವರನ್ನು ಬೇರೆ ಊರು ಅಂತ ಯಾರು ಬರೆಸುತ್ತಾರೆ?

ವಾರಕ್ಕೊಮ್ಮೆ ಫರ್ದೀನ್ ಹೋಗಿ ಸಹಿ ಮಾಡುವ ಠಾಣೆಯಲ್ಲಿ ರಂಗಪ್ಪ ಅನ್ನುವ ಪೇದೆಯಿದ್ದ. "ತಾಲ್ಲೂಕಿನ ಗಡಿಕಲ್ಲಿನ ತನಕ ನಾನು ನೋಡ್ಕೋತೀನಿ," ಅಂದ. "ಆಚೆ ದಾಟಬೇಡಪ್ಪ. ನಿನ್ನ ಜಾಮೀನಿಗೆ ಹೆಬ್ಬೆಟ್ಟು ಒತ್ತಿರೋಳು ನಿಮ್ಮಜ್ಜಿ. ಸೊರಬ ಸೇರಿಸಿ ಅಂತ ಅರ್ಜಿ ಹಾಕು."

ಅರ್ಜಿ ಹೋಯಿತು. ಉತ್ತರ ಬರುವ ಮೊದಲೇ ರೇಡಿಯೋದಲ್ಲಿ ಕಾರ್ಗಿಲ್ ಬಂತು.

ಕಾಶ್ಮೀರ ಯಾರದು ಅನ್ನುವ ಆ ಜಗಳ ಸರ್ವರ್ ಬೀ ಮದುವೆಯಾದ ವರ್ಷ ಶುರುವಾದದ್ದು. ಎಪ್ಪತ್ತೊಂದರ ಯುದ್ಧದ ಹೊತ್ತಲ್ಲಿ ಅವಳ ಗಂಡ ಮನೆಯಲ್ಲೇ ತೀರಿಕೊಂಡಾಗ, ಟಪಾಲು ನಿಂತು ಆ ಸುದ್ದಿ ಮಗಳನ್ನು ಮುಟ್ಟಲು ಐದು ತಿಂಗಳು ಹಿಡಿದಿತ್ತು. ಈಗ ಮತ್ತೆ ಗುಡ್ಡದ ಮೇಲೆ ಹುಡುಗರು ಸಾಯುತ್ತಿದ್ದರು, ಆ ಕಡೆಯವರೂ ಈ ಕಡೆಯವರೂ. ಫರ್ದೀನನ ಜೊತೆ ಚಹಾ ಕುಡಿದವರು ಅವನನ್ನು ಕಂಡರೆ ಪೇಪರ್ ಎತ್ತಿ ಮುಖಕ್ಕೆ ಹಿಡಿದರು.

"ಅರ್ಜಿ ಮಾತು ಎತ್ತಬೇಡ," ಅಂದ ರಂಗಪ್ಪ, ಅವನ ಮುಖ ನೋಡದೆ. "ಗುರುವಾರಕ್ಕೆ ನಿನ್ನ ವೀಸಾ ಮುಗೀತದೆ. ಹೊರಡು."

ಬುಧವಾರ ಮಧ್ಯಾಹ್ನ ಸಬ್ರೀನ್ ಗಡಿಕಲ್ಲಿನ ಹತ್ತಿರ ಬಸ್ಸಿಳಿದಳು. ಶಿಕಾರಿಪುರದ ಕಡೆ ಸಕ್ಕರೆ ಪೊಟ್ಟಣ ಹಿಡಿದು ಫರ್ದೀನ್ ನಿಂತಿದ್ದ. ಎರಡೂ ಕಡೆ ಒಂದೇ ಗದ್ದೆಬಯಲು, ಒಂದೇ ಮೋಡ.

"ಯಾರೂ ಇಲ್ಲ," ಅಂದ. "ಮುಂದಿನ ಮೋಟಾರು ಹತ್ತಿದ್ರೆ ಅರ್ಧ ಗಂಟೇಲಿ ನಿಮ್ಮನೆ."

"ನಾನು ಬಾ ಅಂದ್ರೆ ಬರ್ತೀರಿ. ಅದಕ್ಕೇ ಅನ್ನಲ್ಲ. ನಾಳೆ ನೀವು ಹೋಗ್ತೀರಿ, ಠಾಣೆ ಮೆಟ್ಲು ಹತ್ತೋಳು ಅಜ್ಜಿ."

ಅವನು ಎತ್ತಿದ ಕಾಲನ್ನು ಇದ್ದಲ್ಲೇ ಇಟ್ಟ.

"ಹಂಗಾದ್ರೆ ನಿಮ್ಮನ್ನೇ ಕೇಳ್ತೀನಿ."

"ಕೇಳಿ ಮತ್ತೆ."

ಕೇಳಿದ.

"ಮೊದಲನೇ ದಿನವೇ ಹೂಂ ಅಂದಿದ್ದೆ," ಅಂದಳು ಸಬ್ರೀನ್. "ಕೋಲಿನ ಸದ್ದಿಗೆ ನಿಮಗೆ ಕೇಳಿಸ್ಲಿಲ್ಲ."

ಚೀಲದಿಂದ ಅವಳು ಒಂದು ಪುಟ್ಟ ದಿಂಬು ತೆಗೆದಳು. "ನಿಮ್ಮಮ್ಮನಿಗೆ. ಆ ಅಂಗಳದ್ದೇ ಹತ್ತಿ." ಅವನು ದಿಂಬು ತೆಗೆದುಕೊಂಡು ಪೊಟ್ಟಣ ಕೊಟ್ಟ. ಕಲ್ಲಿನ ಮೇಲೆ ಎರಡು ಕೈ ಒಂದು ಗಳಿಗೆ ಕೂಡಿದವು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು.

ಸೊರಬದಲ್ಲಿ ಮಸ್ತಾನ್ ಸಾಬ್ ಮಲಗಿದಲ್ಲೇ ಪೊಟ್ಟಣ ಬಿಚ್ಚಿ ನೋಡಿದ. ಮತ್ತೆ ಕಟ್ಟಿದ.

"ಅವನೇ ಬಂದು ಬಾಯಿಗೆ ಹಾಕ್ಲಿ. ಅಲ್ಲೀತನಕ ಗೂಡಲ್ಲಿಡು."

ಆ ಮಳೆಗಾಲದ ಥಂಡಿಗೆ ಸಕ್ಕರೆ ಕರಗಿ, ಬೇಸಿಗೆಗೆ ಗಟ್ಟಿಯಾಗಿ ಕಲ್ಲಾಯಿತು. ಯಾರೂ ಅದನ್ನು ಎಸೆಯಲಿಲ್ಲ.

ಫರ್ದೀನ್ ಶಿಕಾರಿಪುರ ಬಿಟ್ಟದ್ದು ಜೂನ್ ಮೂರು, ಗುರುವಾರ, ಬೆಳಗಿನ ಮೊದಲ ಮೋಟಾರಿಗೆ.