ಗಂಟು ಹಾಕದ ಹಗ್ಗ

ಬಹಳ ಹಿಂದೆ, ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಸೋನೆಗಿರಿ ಅಂತ ಒಂದು ರಾಜ್ಯ. ಅಲ್ಲಿ ಸೆರೆಮನೆಯೇ ಇರಲಿಲ್ಲ. ತಪ್ಪು ಮಾಡಿದವರ ಕೊರಳಿಗೆ ರಾಜ ಮಾಯದ ಹಗ್ಗ ಕಟ್ಟಿದರೆ ಅವರು ಕತ್ತೆಯಾಗುತ್ತಿದ್ದರು. ಎಷ್ಟು ದಿನದ ಶಿಕ್ಷೆಯೋ ಹಗ್ಗಕ್ಕೆ ಅಷ್ಟು ಗಂಟು. ದಿನಕ್ಕೊಂದು ಗಂಟು ತಾನಾಗಿ ಬಿಚ್ಚಿಕೊಂಡು, ಕೊನೆಯದೂ ಬಿಚ್ಚಿದಾಗ ಕತ್ತೆ ಮತ್ತೆ ಮನುಷ್ಯನಾಗುತ್ತಿತ್ತು.

ಒಂದು ದಿನ ನೀಲವ್ವ ಎಂಬ ಬಡವಿ ಅರಮನೆಯ ಹಿತ್ತಲಲ್ಲಿ ಕುಂಬಳಕಾಯಿ ಕದ್ದಳು. "ಒಂಬತ್ತು ದಿನ!" ಅಂದ ರಾಜ ಚಂದ್ರಕೇತು, ಹಗ್ಗ ಕಟ್ಟಿ ಊಟಕ್ಕೆ ಓಡಿದ. ಹಸಿದ ರಾಜನಿಗೆ ಕಣ್ಣು ಕಾಣಿಸುತ್ತದೆಯೇ?

ಏಳು ವರ್ಷದ ಮೇಲೆ ನೀಲವ್ವನ ಮಗಳು ಹೊನ್ನಿ ಕಾವಲುಗಾರರನ್ನು ತಳ್ಳಿಕೊಂಡು ಅರಮನೆಯೊಳಗೆ ಬಂದಳು.

"ಬುದ್ಧೀ, ನಿಮ್ಮ ಸ್ನಾನಕ್ಕೆ ದಿನಾ ನೀರು ಹೊರೋ ಕತ್ತೆ ನನ್ನವ್ವ. ಅವಳ ಹಗ್ಗದಲ್ಲಿ ಗಂಟೇ ಇಲ್ಲ. ಬಿಚ್ಚಿಕೊಳ್ಳೋದಾದರೂ ಏನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಕದ್ದವಳು ನೀಲವ್ವ, ಹೆಗಲು ಮುಟ್ಟಿಕೊಂಡದ್ದು ರಾಜ. ಓಡಿಹೋಗಿ ಹಗ್ಗ ಎಳೆದ. ಬರಲಿಲ್ಲ. ಅದನ್ನು ಹೊಸೆದ ಮಾಂತ್ರಿಕ ಕಾಳಭೂತಿಯ ಗುಹೆಗೆ ಹೋದ. ಬಾಗಿಲಲ್ಲೊಂದು ಹುಲಿ.

"ಏಳು ವರ್ಷ ಯಾಕೆ ಶಿಕ್ಷಿಸಿದೆ?" ಎಂದಿತು.

"ತಪ್ಪಿಗೆ ತಕ್ಕ ಶಾಸ್ತಿ."

"ಒಂದು ಕುಂಬಳಕಾಯಿಗೆ?" ರಾಜನಿಗೆ ಕತ್ತೆಯ ಕಿವಿ ಮೂಡಿದವು.

"ಬೇರೆಯವರು ಹೆದರಲಿ ಅಂತ."

"ಹೆದರಿದರು. ನಿನಗೆ ನಿಜ ಹೇಳೋದಕ್ಕೂ ಹೆದರಿದರು." ಬಾಲ ಬಂತು.

"ಅವಳು ತಿದ್ದಿಕೊಳ್ಳಲಿ ಅಂತ."

"ತಿದ್ದಿಕೊಂಡಳಾ ಅಂತ ಒಂದು ದಿನವಾದರೂ ಹೋಗಿ ನೋಡಿದೆಯಾ?" ಕಾಲು ಗೊರಸಾದವು.

ರಾಜ ನಾಚಿಕೆಯಿಂದ ಕುಸಿದು ಅತ್ತ. "ಗಂಟು ಹಾಕೋದು ಮರೆತೆ. ಪಾಯಸ ಆರಿಹೋಗ್ತಿತ್ತು."

ಒಳಗಿನಿಂದ ಕಾಳಭೂತಿ, "ಥೂ! ಯಾವ ರಾಜನೂ ತನ್ನ ತಪ್ಪು ಒಪ್ಪಲಾರ, ಹಗ್ಗ ಎಂದೂ ಕಳಚದು ಅಂತ ತಾನೇ ನಾನು ಇದನ್ನು ಹೊಸೆದದ್ದು!" ಎಂದು ಕಿರುಚಿ ಹೊಗೆಯಾಗಿ ಹೋದ.

"ಇದನ್ನೇ ಊರೆದುರು ಹೇಳು" ಎಂದಿತು ಹುಲಿ.

ಹೇಳಿದ. ಕತ್ತೆಯ ಕೊರಳ ಹಗ್ಗ ಕಳಚಿತು. ಅವನ ಬಾಲ, ಗೊರಸು ಹೋದವು, ಕಿವಿ ಉಳಿದವು. ನೀಲವ್ವ ಎದ್ದುನಿಂತು, ತನಗಿಂತ ಎತ್ತರದ ಹೊನ್ನಿಯನ್ನು ನೋಡಿ, "ಈ ಹುಡುಗಿ ಯಾರ ಮಗಳು?" ಎಂದಳು. ರಾಜ ಮುಖ ಮುಚ್ಚಿಕೊಂಡ.

"ತಾಯೀ, ನನಗೂ ಏಳು ವರ್ಷ ಶಿಕ್ಷೆ ಕೊಡು" ಎಂದ.

ನೀಲವ್ವ ಸೆರಗಿನಿಂದ ದಾರ ಕಿತ್ತು, ಅವನ ಮಣಿಕಟ್ಟಿಗೆ ಕಟ್ಟಿ, ಒಂದೊಂದಾಗಿ ಒಂಬತ್ತು ಗಂಟು ಹಾಕಿದಳು. "ಇಷ್ಟು ಸಾಕು ಬುದ್ಧಿ. ನಮ್ಮನೆಗೆ ನೀರು ಹೊರಿ. ದಿನಕ್ಕೊಂದು ನಾನೇ ಬಿಚ್ತೀನಿ. ಮರೆಯೋದಿಲ್ಲ."

ಒಂಬತ್ತನೆಯ ಸಂಜೆ ಕಿವಿ ಉದುರಿದವು. ಮಾಯದ ಹಗ್ಗಗಳನ್ನೆಲ್ಲ ಸುಟ್ಟರು. ನೀಲವ್ವ, ಹೊನ್ನಿ ಸುಖವಾಗಿದ್ದರು, ಊರೂ ಸುಖವಾಗಿತ್ತು. ರಾಜನೂ ಚೆನ್ನಾಗಿಯೇ ಇದ್ದ, ಪಾಯಸ ಮಾತ್ರ ಅವನಿಗೆ ಮತ್ತೆಂದೂ ಗಂಟಲಲ್ಲಿ ಇಳಿಯಲಿಲ್ಲ.