ಮುಳ್ಳು ಒತ್ತದ ಗಾಳ

ಟಕ್!

ಇಕ್ಕಳದ ಬಾಯಲ್ಲಿದ್ದ ಗಾಳದ ತುದಿ ಮುರಿದು ಎಲ್ಲಿಗೋ ಹಾರಿತು. ಉನಾ ಅಡುಗೆಮನೆಯ ಮೇಜಿನ ಕೆಳಗೆ ಬಗ್ಗಿ ಹುಡುಕಿದಳು. ಸಿಕ್ಕರೂ ಏನು ಮಾಡುವುದು? ಮುರಿದದ್ದು ಮುರಿಯಿತು.

"ಏನೇ ಅದು ಸದ್ದು?" ಒಳಗಿನಿಂದ ಅಮ್ಮ ಕೂಗಿದಳು.

"ಏನಿಲ್ಲಮ್ಮ. ಚಮಚ ಬಿತ್ತು."

ಉನಾಳಿಗೆ ಅಳು ಬರುವಂತಾಯಿತು. ಮೇಜಿನ ಮೇಲೆ ಈಗ ಅವಳೇ ಕಟ್ಟಿದ ಫ್ಲೈ ಉಳಿದದ್ದು ಒಂದೇ ಒಂದು. ಫ್ಲೈ ಅಂದರೆ ನೊಣ ಅಲ್ಲ. ಗಾಳಕ್ಕೆ ಗರಿ, ಕೂದಲು, ಮಿನುಗುವ ದಾರ ಸುತ್ತಿ ಮಾಡಿದ ಸುಳ್ಳು ಹುಳ. ಅದನ್ನು ಕಂಡು ಸಾಲ್ಮನ್ ಮೀನು ಬಾಯಿ ಹಾಕಬೇಕು. ಚಳಿಗಾಲದಲ್ಲಿ ಕೂತು ಉನಾ ಎರಡು ಫ್ಲೈ ಕಟ್ಟಿದ್ದಳು. ಕಿತ್ತಳೆ ಬಣ್ಣದ ಕೂದಲು ಪಕ್ಕದ ಮನೆಯ ನಾಯಿಯ ಬಾಲದ್ದು. ಬಿಸ್ಕತ್ತು ತಿನ್ನಿಸುತ್ತಾ ಮೆಲ್ಲಗೆ ಕತ್ತರಿ ಹಾಕಿದ್ದಳು. ನಾಯಿಗೆ ಇವತ್ತಿಗೂ ಗೊತ್ತಿಲ್ಲ.

ನಾಳೆ ಹೊಳೆಯಲ್ಲಿ ಮಕ್ಕಳ ಮೀನು ದಿನ. ಹತ್ತು ವರ್ಷ ತುಂಬಿದವರಿಗೆ ಮಾತ್ರ ಗಾಳ ಹಾಕಲು ಬಿಡುತ್ತಾರೆ. ಉನಾಳಿಗೆ ಇದೇ ಮೊದಲ ಸಲ.

ಆದರೆ ಹೊಳೆಯಲ್ಲಿ ಈಗ ಸಾಲ್ಮನ್ ತೀರಾ ಕಡಿಮೆ. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು. ಹಾಗಾಗಿ ಎಲ್ಲ ಗಾಳಗಳ ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಲಗಿಸಬೇಕು. ಗಾಳದ ಚೂಪು ತುದಿಯ ಹಿಂದೆ ಒಂದು ಪುಟ್ಟ ಮುಳ್ಳಿರುತ್ತದಲ್ಲ, ಅದನ್ನು.

"ಆ ಮುಳ್ಳು ಒಳಗೆ ಹೋಗೋದು ಸಲೀಸು, ಹೊರಗೆ ಬರೋದು ಕಷ್ಟ," ಎಂದು ಅಮ್ಮ ಹೇಳುತ್ತಿದ್ದಳು. "ಮುಳ್ಳು ಮಲಗಿಸಿದ್ರೆ ಗಾಳ ಸುಮ್ನೆ ಜಾರಿ ಬರತ್ತೆ. ಮೀನಿಗೆ ನೋವೂ ಕಮ್ಮಿ."

ಅಮ್ಮ ಮಾರ್ಸಲಿಗೆ ಇದೆಲ್ಲ ಅಂಗೈ ಮೇಲಿನ ಗೆರೆ. ದೂರದೂರಿನಿಂದ ಮೀನು ಹಿಡಿಯಲು ಬಂದವರಿಗೆ ಮಡು ತೋರಿಸುವುದು, ಗಾಳ ಆರಿಸಿ ಕೊಡುವುದು, ಜಾರಿ ಬಿದ್ದರೆ ಎತ್ತುವುದು ಅವಳ ಕೆಲಸ. ಇಂಥ ಅಮ್ಮನ ಮಗಳು ಇಕ್ಕಳವನ್ನು ಅಡ್ಡ ಹಿಡಿದು ಗಾಳ ಮುರಿದಿದ್ದಳು!

ಉನಾ ಕೊನೆಯ ಫ್ಲೈಯನ್ನು ಇಕ್ಕಳದ ಬಾಯಿಗೆ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ಇದೂ ಟಕ್ ಅಂದರೆ?

"ಎಲ್ಲದಕ್ಕೂ ಇಕ್ಕಳ ಹಾಕಿದ್ಯಾ ಪುಟ್ಟಿ?" ಅಮ್ಮ ಬಾಗಿಲಿಗೆ ಬಂದು ಕೇಳಿದಳು.

"ಹೂಂ."

ಕಿತ್ತಳೆ ಫ್ಲೈ ಆಗಲೇ ಉನಾಳ ಟೋಪಿಯ ಮಡಿಕೆಯೊಳಗೆ ಸೇರಿತ್ತು.

*

ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಏಪ್ರಿಲ್ ಬಿಸಿಲು ನೋಡುವುದಕ್ಕೆ ಮಾತ್ರ, ಕಾಯಿಸಿಕೊಳ್ಳುವುದಕ್ಕಲ್ಲ. ಹೊಳೆಯ ದಂಡೆಯ ಗುಡಿಸಲ ಮುಂದೆ ಮಕ್ಕಳು ಕೈ ಉಜ್ಜಿಕೊಳ್ಳುತ್ತಾ ಸಾಲು ನಿಂತಿದ್ದರು. ಬಾಗಿಲಲ್ಲಿ ಹೊಳೆ ಕಾಯುವ ಗೆಡಿಸ್ ತಾತ ಕೂತಿದ್ದರು. ಅವರ ಕೈಯಲ್ಲೊಂದು ಹಳೆಯ ಉಣ್ಣೆಯ ಗವಸು. ಒಬ್ಬೊಬ್ಬರ ಗಾಳವನ್ನೂ ಆ ಉಣ್ಣೆಯೊಳಗೆ ಚುಚ್ಚಿ ಎಳೆಯುವರು. ಜಾರಿ ಬಂದರೆ ಪಾಸು. ಎಳೆ ಸಿಕ್ಕಿಕೊಂಡರೆ ಮುಳ್ಳಿದೆ ಎಂದರ್ಥ, ಫೇಲು.

"ತಾತ, ಇವತ್ತು ಸಾಲ್ಮನ್ ಸಿಗತ್ತಾ?" ಉನಾಳ ಕ್ಲಾಸಿನ ಟ್ಯಾವಿಶ್ ಬೇಕೆಂದೇ ಕೇಳಿದ.

"ಅಯ್ಯೋ ನಿನ್ನ! ತಣ್ಣನೆ ಕಬ್ಬಿಣ, ತಣ್ಣನೆ ಕಬ್ಬಿಣ!" ಎನ್ನುತ್ತಾ ತಾತ ಬಾಗಿಲ ಚಿಲಕ ಮುಟ್ಟಿದರು. ಮಕ್ಕಳೆಲ್ಲ ಗೊಳ್ಳೆಂದರು. ತಾತ ಕಡಲ ತೀರದವರು. ಅವರ ಕಡೆ ಆ ಮೀನಿನ ಹೆಸರು ಹೇಳಬಾರದು, ಹೇಳಿದರೆ ಕೇಡು. 'ಕೆಂಪು ಮೀನು' ಅನ್ನಬೇಕು. ಯಾರಾದರೂ ಹೆಸರೆತ್ತಿದರೆ ಕೂಡಲೇ ಕಬ್ಬಿಣ ಮುಟ್ಟಬೇಕು.

"ಕೆಂಪು ಮೀನು ಅನ್ನೋ, ಕತ್ತೆ ಬಡವ!"

"ಸರಿ ತಾತ. ಕೆಂಪು ಸಾಲ್ಮನ್!"

ತಾತ ಮತ್ತೆ ಚಿಲಕ ಮುಟ್ಟಬೇಕಾಯಿತು.

ಉನಾಳಿಗೆ ಮಾತ್ರ ನಗು ಬರಲಿಲ್ಲ. ಅವಳ ಪೆಟ್ಟಿಗೆಯಲ್ಲಿ ಅಮ್ಮ ಕೊಟ್ಟ, ಮುಳ್ಳು ಮಲಗಿಸಿದ ಗಾಳಗಳಿದ್ದವು; ಅವುಗಳ ಭಯವಿರಲಿಲ್ಲ. ಭಯವಿದ್ದದ್ದು ಟೋಪಿಯೊಳಗಿನ ಫ್ಲೈಯದು. ಅವಳ ಸರದಿ ಬಂತು. ತಾತ ಅವಳ ಮುಖ ನೋಡಿ ಗವಸು ಕೆಳಗಿಟ್ಟರು.

"ಮಾರ್ಸಲಿ ಮಗಳಲ್ವಾ ನೀನು? ನಿನ್ನದೇನು ನೋಡೋದಮ್ಮ. ಹೋಗು ಹೋಗು."

ಪೆಟ್ಟಿಗೆ ತೆರೆಯಲೂ ಹೇಳಲಿಲ್ಲ. ಉನಾ ಬೇಗ ಬೇಗ ಮುಂದೆ ನಡೆದಳು. ಖುಷಿಯಾಗಬೇಕಿತ್ತು. ಯಾಕೋ ಕಿವಿ ಬಿಸಿಯಾಯಿತು.

*

ಪಾದ್ರಿ ಮಡು ಎಂದು ಕರೆಯುವ ಆಳ ನೀರಿನಲ್ಲಿ ಮೊದಲ ಸರದಿ ಟ್ಯಾವಿಶನದು. ಅವನ ಅದೃಷ್ಟ ನೋಡಿ, ಸ್ವಲ್ಪ ಹೊತ್ತಿನಲ್ಲೇ ಮೀನು ಕಚ್ಚಿತು! ಅವನು ಕುಣಿದಾಡಿಬಿಟ್ಟ. ಕುಣಿಯುವಾಗ ದಾರ ಒಂದು ಚೂರು ಸಡಿಲವಾದದ್ದೇ ತಡ, ಮೀನು ತಲೆ ಕೊಡವಿ ಹೊರಟುಹೋಯಿತು. ಮುಳ್ಳಿಲ್ಲದ ಗಾಳ, ಜಾರುವುದಕ್ಕೆ ಎಷ್ಟು ಹೊತ್ತು?

ಟ್ಯಾವಿಶ್ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಯಾರು ಸಮಾಧಾನ ಮಾಡಿದರೂ ಕೇಳಲಿಲ್ಲ.

"ಮುಳ್ಳಿದ್ದಿದ್ರೆ ಸಿಗ್ತಿತ್ತು," ಎಂದ ಮೂಗು ಒರೆಸಿಕೊಳ್ಳುತ್ತಾ.

ಅದನ್ನು ಕೇಳಿದ ಉನಾ ತೀರ್ಮಾನ ಮಾಡಿಬಿಟ್ಟಳು. ಅಮ್ಮ ಮೇಲಿನ ದಂಡೆಯಲ್ಲಿ ಇನ್ನೊಬ್ಬ ಹುಡುಗನ ದಾರದ ಸಿಕ್ಕು ಬಿಡಿಸುತ್ತಿದ್ದಳು. ಉನಾ ಬೆನ್ನು ತಿರುಗಿಸಿ ನಿಂತು ಟೋಪಿಯ ಮಡಿಕೆಯಿಂದ ಕಿತ್ತಳೆ ಫ್ಲೈ ತೆಗೆದು ದಾರಕ್ಕೆ ಕಟ್ಟಿದಳು. 'ನಾನೇ ಜೋಪಾನವಾಗಿ ತೆಗೀತೀನಿ. ಯಾರಿಗೂ ಗೊತ್ತಾಗಲ್ಲ,' ಎಂದುಕೊಂಡಳು.

ಮೊಣಕಾಲು ನೀರಿಗಿಳಿದು ಗಾಳದ ಕೋಲು, ಅಂದರೆ ರಾಡ್, ಬೀಸಿದಳು. ದಾರ ಮಡುವಿನ ಆಚೆ ಹೋಗಿ ಬಿತ್ತು. ಕಿತ್ತಳೆ ಫ್ಲೈ ನೀರಿನೊಳಗೆ ಓರೆಯಾಗಿ ತೇಲುತ್ತಾ ಬಂತು. ಏನೂ ಇಲ್ಲ. ಒಂದು ಹೆಜ್ಜೆ ಕೆಳಗೆ ನಡೆದು ಮತ್ತೆ ಬೀಸಿದಳು. ಏನೂ ಇಲ್ಲ. ಇನ್ನೊಂದು ಹೆಜ್ಜೆ.

ಯಾರೋ ನೀರೊಳಗಿಂದ ಕೈ ಹಿಡಿದು ಎಳೆದ ಹಾಗಾಯಿತು.

ರಾಡ್ ಬಿಲ್ಲಿನಂತೆ ಬಾಗಿತು. ದಾರ ಸುತ್ತಿದ ರೀಲು ಕಿರ್ರ್ರ್ ಎಂದು ಕಿರುಚಿತು.

"ಅಮ್ಮಾ!"

ಅಮ್ಮ ಓಡಿ ಬಂದಳು. ಗೆಡಿಸ್ ತಾತ ದೊಡ್ಡ ಬಲೆ ಹಿಡಿದು ಬಂದರು. ಟ್ಯಾವಿಶ್ ಅಳು ಮರೆತು ಬಂದ.

"ಸಾಲ್ಮನ್! ಉನಾಗೆ ಸಾಲ್ಮನ್ ಬಿದ್ದಿದೆ!" ಎಂದು ಅವನು ಕಿರುಚಿದ. ತಾತನಿಗೆ ಕಬ್ಬಿಣ ಮುಟ್ಟುವುದೂ ಮರೆತುಹೋಯಿತು.

ಮೀನು ನೀರಿನಿಂದ ಮೇಲಕ್ಕೆ ಹಾರಿತು. ಉನಾಳ ತೋಳಿಗಿಂತ ಉದ್ದ! ಮೈಯೆಲ್ಲ ಬೆಳ್ಳಿ.

"ಸಮುದ್ರದಿಂದ ಈಗಷ್ಟೇ ಬಂದಿದೆ ಕಣೇ," ಅಮ್ಮನ ದನಿಯೇ ಬೇರೆಯಾಗಿತ್ತು. "ಗ್ರೀನ್‌ಲ್ಯಾಂಡ್ ತನಕ ಹೋಗಿ, ಹುಟ್ಟಿದ ಹೊಳೆ ಹುಡುಕ್ಕೊಂಡು ವಾಪಸ್ ಬಂದಿದೆ. ನೋಡು, ಹೇಗಿದೆ ನೋಡು! ದಾರ ಬಿಗಿಯಾಗಿ ಇಟ್ಕೋ, ಅಷ್ಟೇ. ಗಾಬರಿ ಆಗ್ಬೇಡ. ಹೋದ್ರೆ ಹೋಗತ್ತೆ."

ಹೋದ್ರೆ ಹೋಗತ್ತೆ. ಅಮ್ಮನಿಗೇನು ಗೊತ್ತು? ಇದು ಹೋಗುವ ಮೀನಲ್ಲ. ಇಷ್ಟು ಹೊತ್ತು ಮೀನು ಸಿಗಲಿ ಸಿಗಲಿ ಎಂದು ಬೇಡಿಕೊಂಡವಳಿಗೆ ಈಗ ಭಯ ಶುರುವಾಯಿತು. ಇನ್ನೇನು ಅದು ದಡಕ್ಕೆ ಬರುತ್ತದೆ. ಅಮ್ಮ ಬಗ್ಗಿ ಗಾಳಕ್ಕೆ ಕೈ ಹಾಕುತ್ತಾಳೆ. ಗಾಳ ಜಾರುವುದಿಲ್ಲ. ಆಮೇಲೆ?

ಮೀನು ಮತ್ತೆ ಮೇಲೆದ್ದಿತು. ಬಾಯಿ ತೆರೆದಿತ್ತು. ಬಾಯೊಳಗೆ, ತುಂಬ ಒಳಗೆ, ಕಿತ್ತಳೆ ಬಣ್ಣ ಕಂಡಿತು.

ಉನಾ ರಾಡ್ ಕೆಳಗಿಳಿಸಿದಳು. ರೀಲಿನಿಂದ ದಾರ ಎಳೆದು ಎಳೆದು ಬಿಟ್ಟಳು. ದಾರ ಸಡಿಲವಾಗಿ ನೀರ ಮೇಲೆ ಸುರುಳಿ ಸುರುಳಿಯಾಗಿ ಬಿತ್ತು.

"ಏ, ಏನ್ ಮಾಡ್ತಿದ್ದೀಯೇ!" ಟ್ಯಾವಿಶ್ ಕೂಗಿದ. "ಬಿಗಿ ಮಾಡೇ! ನಂದೂ ಹೀಗೇ ಹೋಯ್ತು!"

"ರಾಡ್ ಎತ್ತಮ್ಮ! ಎತ್ತು ಎತ್ತು!" ತಾತ ಕೈ ಬೀಸಿದರು.

ಉನಾ ಎತ್ತಲಿಲ್ಲ. 'ಹೋಗು. ಹೋಗೇ. ಬಿಡಿಸ್ಕೊಂಡು ಹೋಗು,' ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು. ಸಡಿಲ ದಾರದ ತುದಿಯಲ್ಲಿ ಮೀನು ತಲೆ ಕೊಡವಿತು. ಇನ್ನೊಮ್ಮೆ ಕೊಡವಿತು. ನೀರಿಗೆ ಮೈ ಬಡಿಯಿತು.

ದಾರ ಮತ್ತೆ ತಾನಾಗಿ ಬಿಗಿಯಾಯಿತು. ಮೀನು ಅಲ್ಲೇ ಇತ್ತು.

ಅಮ್ಮ ದಾರ ನೋಡಿದಳು. ಆಮೇಲೆ ಉನಾಳ ಮುಖ ನೋಡಿದಳು. ಅಷ್ಟು ಸಡಿಲ ದಾರದಲ್ಲಿ ಮುಳ್ಳಿಲ್ಲದ ಗಾಳ ಉಳಿಯುವುದುಂಟೇ?

"ಯಾವ ಗಾಳ, ಉನಾ?"

"ನಾನ್ ಕಟ್ಟಿದ್ದು."

"ಮುಳ್ಳು?"

"ಒತ್ತಿಲ್ಲ."

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಉನಾಳಿಗೆ ಅನ್ನಿಸಿತು.

"ಸರಿ. ಬೇಗ ಈ ಕಡೆ ತಾ. ಸುಸ್ತಾದಷ್ಟೂ ಅದಕ್ಕೇ ಕಷ್ಟ."

ಗೆಡಿಸ್ ತಾತ ಬಲೆಯನ್ನು ನೀರಿಗಿಳಿಸಿದರು. "ಎಲ್ರದ್ದೂ ನೋಡ್ದೆ," ಎಂದರು ಮೆಲ್ಲಗೆ. "ನಿಂದೊಂದೇ ನೋಡ್ಲಿಲ್ಲ."

*

ಮೀನು ಬಲೆಯೊಳಗೆ, ನೀರಿನಲ್ಲೇ ಇತ್ತು. ಅಮ್ಮ ಬಗ್ಗಿ ಅದರ ಬಾಯೊಳಗೆ ಇಣುಕಿದಳು. ಉದ್ದ ಮೂತಿಯ ಇಕ್ಕಳ ಹಾಕಿ ಮೆತ್ತಗೆ ಅಲ್ಲಾಡಿಸಿದಳು. ನೀರಿನಲ್ಲಿ ಕೆಂಪು ಎಳೆಯೊಂದು ಹರಿಯಿತು. ಅಮ್ಮ ಕೂಡಲೇ ಕೈ ತೆಗೆದಳು.

"ಕಿವಿರಿನ ಬುಡದಲ್ಲಿದೆ. ಎಳೆದ್ರೆ ಹರಿದುಹೋಗತ್ತೆ."

"ಮತ್ತೆ?" ಉನಾಳ ದನಿ ಅವಳಿಗೇ ಕೇಳಿಸಲಿಲ್ಲ.

"ದಾರ ಕತ್ತರಿಸಿ ಬಿಡ್ಬೇಕು. ಗಾಳ ಒಳಗೇ ಇರತ್ತೆ. ತುಕ್ಕು ಹಿಡಿದು ಬಿದ್ರೆ ಬಿತ್ತು." ಅಮ್ಮ ಕತ್ತರಿಯನ್ನು ಉನಾಳ ಕಡೆ ಚಾಚಿದಳು. "ನೀನೇ ಮಾಡು."

ಮಿನುಗುವ ದಾರ, ಒಂದೊಂದೇ ಸುತ್ತು, ಬಾಲದ ಕಿತ್ತಳೆ ಕೂದಲು. ಎಷ್ಟು ಸಂಜೆ ಕೂತು ಕಟ್ಟಿದ್ದಳೋ. ಉನಾ ಒಂದು ಕ್ಷಣವೂ ಯೋಚಿಸಲಿಲ್ಲ. ಬಾಯಿಯ ಅಂಚಿಗೆ ದಾರ ಕತ್ತರಿಸಿದಳು.

"ಈಗ ಹಿಡ್ಕೋ. ಒಂದು ಕೈ ಬಾಲದ ಹತ್ರ, ಇನ್ನೊಂದು ಹೊಟ್ಟೆ ಕೆಳಗೆ. ತಲೆ ಹೊಳೆ ಬರೋ ಕಡೆಗೆ. ಹಿಸುಕಬೇಡ. ಅದು ತಾನಾಗೇ ಹೋಗೋ ತನಕ ಬಿಡಬಾರದು."

ತಾತ ಬಲೆ ಸರಿಸಿದರು. ಉನಾ ನೀರಿನಲ್ಲಿ ಮಂಡಿಯೂರಿದಳು. ಮಂಜು ಕರಗಿ ಬಂದ ನೀರು. ಬೆರಳುಗಳು ಮೊದಲು ಉರಿದವು, ಆಮೇಲೆ ಬೆರಳಿವೆ ಎನ್ನುವುದೇ ಮರೆತುಹೋಯಿತು. ಮೀನು ಅವಳ ಕೈಮೇಲೆ ಒರಗಿತ್ತು. ಕಿವಿರು ತೆರೆಯಿತು, ಮುಚ್ಚಿತು. ತುಂಬ ಹೊತ್ತು ಮುಚ್ಚಿಕೊಂಡೇ ಇತ್ತು.

"ಅಮ್ಮಾ, ಉಸಿರಾಡ್ತಿಲ್ಲ!"

"ಹಿಡ್ಕೋ."

ಕಿವಿರು ತೆರೆಯಿತು.

ದಂಡೆಯ ಮೇಲೆ ಯಾರೋ ಸೂಪ್ ರೆಡಿ ಎಂದು ಕೂಗಿದರು. ಮಕ್ಕಳು ಓಡಿದರು. ತಾತ ಬಲೆ ಹೆಗಲಿಗೇರಿಸಿ ಹೋದರು. "ನಾನು ಹಿಡ್ಕೊಳ್ಳಲಾ?" ಎಂದು ಅಮ್ಮ ಕೇಳಿದಳು. ಉನಾ ಬೇಡವೆಂದು ತಲೆಯಾಡಿಸಿದಳು. ಹಲ್ಲು ಕಟಕಟ ಎನ್ನುತ್ತಿದ್ದವು.

ಕೊನೆಗೆ ಬಾಲ ಅಲುಗಿತು. ಉನಾಳ ಮುಷ್ಟಿಯೊಳಗೆ ಬಾಲದ ಬುಡ ಗಟ್ಟಿಯಾಯಿತು. ಅವಳು ಬೆರಳು ಬಿಡಿಸಿದಳು. ಮೀನು ಹೊರಟಿತು. ಹೋಗಿ, ದೂರವೇನಲ್ಲ, ಒಂದು ಕಪ್ಪು ಬಂಡೆಯ ಹಿಂದೆ ನಿಂತುಬಿಟ್ಟಿತು.

"ಬದುಕತ್ತಾ ಅಮ್ಮಾ?"

"ಗೊತ್ತಿಲ್ಲ ಕಣೇ." ಅಮ್ಮ ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದಳು. "ಗೊತ್ತಿದ್ದಿದ್ರೆ ಹೇಳ್ತಿದ್ದೆ. ಬಾ, ಸೂಪ್ ಕುಡಿ."

"ಇಲ್ಲಿ ಸ್ವಲ್ಪ ಕೂರ್ತೀನಿ."

ಅಮ್ಮ ಬಲವಂತ ಮಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಟ್ಯಾವಿಶ್ ಎರಡು ಲೋಟ ಬಾರ್ಲಿ ಸೂಪ್ ಹಿಡಿದು ಬಂದ. ಒಂದನ್ನು ಉನಾಳ ಕೈಗೆ ಕೊಟ್ಟ. ಅವಳ ಬೆರಳು ಮಡಚಲಿಲ್ಲ. ಅವನೇ ಲೋಟವನ್ನು ಅವಳ ಎರಡು ಅಂಗೈಗಳ ನಡುವೆ ಸಿಕ್ಕಿಸಿದ.

"ಇನ್ನೂ ಇದ್ಯಾ?"

"ಹೂಂ. ಬಂಡೆ ಹಿಂದೆ."

ಇಬ್ಬರೂ ನೀರನ್ನೇ ನೋಡುತ್ತಾ ಕೂತರು. ಟ್ಯಾವಿಶ್ ಸೂಪನ್ನು ಸೊರ್ ಎಂದು ಎಳೆದ.

"ನನ್ ಮೀನು ಎಲ್ಲಿಗೆ ಹೋಯ್ತೋ ಏನೋ," ಎಂದ. ಅವನ ದನಿಯಲ್ಲಿ ಬೆಳಗಿನ ಬೇಸರ ಇನ್ನೂ ಉಳಿದಿತ್ತು. "ಎಷ್ಟು ದೊಡ್ಡದಿತ್ತು ಗೊತ್ತಾ?"

"ಅದು ಆರಾಮಾಗಿದೆ," ಎಂದಳು ಉನಾ. "ಮೇಲಿನ ಮಡು ದಾಟಿರತ್ತೆ ಈಗ."

"ನಿಂಗ್ಹೇಗೆ ಗೊತ್ತು?"

"ಗೊತ್ತು. ನಿನ್ ಗಾಳಕ್ಕೆ ಮುಳ್ಳಿರ್ಲಿಲ್ಲ."

ಟ್ಯಾವಿಶ್ ಅವಳ ಮುಖ ನೋಡಿದ. ಉನಾ ಬಂಡೆಯಿಂದ ಕಣ್ಣು ತೆಗೆಯಲಿಲ್ಲ. ಸೂಪು ಅವಳ ಕೈಯಲ್ಲೇ ತಣ್ಣಗಾಗುತ್ತಿತ್ತು.