ಪರವಾ ಅಂದರೆ ಯಾವತ್ತು?

ಈ ಕಥೆ ಹೇಳಲು ನನಗೆ ಅರ್ಹತೆ ಇದೆಯೋ ಇಲ್ಲವೋ ಗೊತ್ತಿಲ್ಲ. ಗೌರಾ ಅಕ್ಕೋರ ಸಂಜೆ ತರಗತಿಯಲ್ಲಿ ಅಕ್ಷರ ತಿದ್ದಿದ ಕೈ ಇದು. ಇಬ್ಬರ ಪ್ರೀತಿಯ ಜೊತೆಗೆ ಒಂದು ಮಗುವಿನ ನೋವನ್ನೂ ಬರೆಯಬೇಕಾಗಿದೆ... ಎಲ್ಲಾದರೂ ತಪ್ಪಿದರೆ ಓದುಗರು ಕ್ಷಮಿಸಬೇಕು.

೧೯೮೮ರ ಬೇಸಿಗೆ. ನಿಪ್ಪಾಣಿಯ ಒಂದು ಓಣಿ.

"ಯಾರದು? ಒಳಗ ಹುಡುಗ್ಯಾರ ಅದಾರ, ಅಲ್ಲೇ ನಿಂದರ್ರಿ!"

ಗೌರಾಳ ದನಿಗೆ ಬಾಗಿಲಲ್ಲಿದ್ದವನು ಗಕ್ಕನೆ ನಿಂತ. ಅವನ ಕೈಯಲ್ಲಿ ಬೀಡಿ ಎಲೆ ತುಂಬಿದ ಮೊರ.

"ಲಾರಿ ಡ್ರೈವರ್ ರಾಜಾರಾಮ ರೀ ನಾ. ನಿಮ್ಮ ಹುಡುಗಿನ ತಂದೀನಿ. ಇಟ್ಕೋತೀರೋ, ತಿರುಗಿ ಒಯ್ಯಲೋ?"

ಅವನ ಬೆನ್ನ ಹಿಂದಿನಿಂದ ಶೇವಂತಾ ಇಣುಕಿದಳು. ಅವನ ಪಕ್ಕದ ಮನೆಯ ಹುಡುಗಿ. ಮೂರನೇ ಇಯತ್ತೆಗೇ ಶಾಲೆ ಬಿಡಿಸಿ ಬೀಡಿ ಕಟ್ಟಲು ಕೂರಿಸಿದ್ದರು.

"ಯಾಕ ಬಂದಿರಲಿಲ್ಲ ಶೇವಂತಾ?"

"ಪರವಾ ತಾಪ ಆಲಾ, ಅಕ್ಕೋರ..."

ಗೌರಾ ಐನಾಪುರದವಳು. ಮರಾಠಿ ಅಷ್ಟಕ್ಕಷ್ಟೆ. ಅವಳು ಪಿಳಿಪಿಳಿ ನೋಡುವುದನ್ನು ಕಂಡು ರಾಜಾರಾಮ ನಕ್ಕುಬಿಟ್ಟ.

"ಪರವಾ ಅಂದ್ರ ಮೊನ್ನಿ, ಅಕ್ಕೋರ. ಮೊನ್ನಿ ಜ್ವರ ಬಂದಿತ್ತಂತ. ಕಲಿಸೋರಿಗೇ ಕಲಿಸೂದಾತು ನೋಡ್ರಿ!"

ಎಂಥ ಸೊಕ್ಕು ಇವನಿಗೆ! ಆದರೂ... ಆ ನಗು ಯಾಕೆ ಕಣ್ಣಿಂದ ಸರಿಯುತ್ತಿಲ್ಲ?

ಗೌರಾಳ ತರಗತಿ ಬೇರೆ ಥರದ್ದು. ಶಾಲೆ ಬಿಟ್ಟ ಹುಡುಗಿಯರು ಬೀಡಿ ಕಟ್ಟುತ್ತಲೇ ಲೆಕ್ಕ ಕಲಿಯುತ್ತಿದ್ದರು. ಕೈ ನಿಂತರೆ ಮನೆಯವರು ಕಳಿಸುತ್ತಿರಲಿಲ್ಲ. ಮೊರದಲ್ಲಿ ತಂಬಾಕಿನ ಪುಡಿ ಹರಡಿ, ಅದರಲ್ಲೇ ಬೆರಳಿನಿಂದ ಅಕ್ಷರ ತಿದ್ದುವರು.

ಶೇವಂತಾಳಿಗೆ ಮಾತ್ರ ಒಂದೇ ತೊಂದರೆ.

"ಆಕ್ಷೀ!"

"ಮತ್ತ ಏನಾತ?"

"ಅಕ್ಷರ ಹಾರಿಹೋತ್ರಿ ಅಕ್ಕೋರ!"

ಇಡೀ ಕೋಣೆ ನಗುತ್ತಿತ್ತು. ಹೊಸ್ತಿಲಾಚೆ ನಿಂತ ರಾಜಾರಾಮನೂ. ದಿನಾ ಸಂಜೆ ಶೇವಂತಾಳ ಮೊರ ಹೊತ್ತು ತರುವುದು ಅವನ ನೆಪ. ಗೌರಾಳಿಗೆ ಒಂದು ಮರಾಠಿ ಮಾತು ಕಲಿಸಿ ಹೋಗುವುದು ಇನ್ನೊಂದು.

"ಜೂನ್‌ಕ್ಕ ನಿನ್ನ ನಾಲ್ಕನೇ ಇಯತ್ತೆಗೆ ಹಾಕ್ತೀನಿ," ಎಂದು ಶೇವಂತಾಳಿಗೆ ಮಾತು ಕೊಟ್ಟಿದ್ದಳು ಗೌರಾ. "ಯಾರರ ಬಿಡಸಾಕ ಬಂದ್ರ ನನಗ ಹೇಳ. ನಾ ಬಂದು ಅಡ್ಡ ನಿಂದರ್ತೀನಿ."

ಮೇ ತಿಂಗಳಲ್ಲಿ ಶೇವಂತಾ ಬರುವುದು ನಿಂತಿತು.

ಗೌರಾ ವಿಚಾರಿಸಲು ಹೊರಟಿದ್ದಳು. ಹೆದ್ದಾರಿಯ ತಿರುವಿನಲ್ಲಿ ರಾಜಾರಾಮನ ಲಾರಿ ಎದುರಾಯಿತು. ಹಿಂದೆ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಅವನು ಕಿಟಕಿಯಿಂದ ಬಾಗಿ ಕೂಗಿದ.

"ಶೇವಂತಾಂದು ಲಗ್ನ, ಅಕ್ಕೋರ... ಪರವಾ!"

ಲಾರಿ ಹೋಗಿಯೇಬಿಟ್ಟಿತು.

ಮೊನ್ನೆ? ಲಗ್ನ ಮುಗಿದೇ ಹೋಯಿತೇ! ಪಕ್ಕದ ಮನೆಯಲ್ಲಿದ್ದೂ ಈಗ ಹೇಳುತ್ತಾನಲ್ಲ!

ಅವಳ ಕಾಲು ಮುಂದೆ ಹೋಗಲಿಲ್ಲ. ತಿರುಗಿ ಬಂದು ಬಾಗಿಲು ಹಾಕಿಕೊಂಡು ಅತ್ತಳು.

ರಾಜಾರಾಮ ಊರಿಗೆ ಮರಳುವಷ್ಟರಲ್ಲಿ ಶೇವಂತಾಳನ್ನು ಗಡಿಯಾಚೆಗೆ ಕಳಿಸಿಯಾಗಿತ್ತು. ಅವನು ತರಗತಿಗೆ ಬಂದ. ಗೌರಾ ಅವನ ಮುಖದ ಮೇಲೆಯೇ ಕದ ಹಾಕಿದಳು.

‘ಗೊತ್ತಿದ್ದೂ ಸುಮ್ಮನಿದ್ದವನು,’ ಎಂದುಕೊಂಡಳು ಅವಳು.

‘ಹೇಳಿದರೂ ಹೋಗಲಿಲ್ಲ, ಅದಕ್ಕೇ ಮುಖ ಮುಚ್ಚಿಕೊಳ್ತಾಳೆ,’ ಎಂದುಕೊಂಡ ಅವನು.

ಅಂದಿನಿಂದ ಗೌರಾ ತರಗತಿಯಲ್ಲಿ ಮರಾಠಿ ಬೇಡವೆಂದಳು. ಅದು ಅವನು ಕಲಿಸಿದ ಭಾಷೆ. ಆದರೆ ಪುಡಿ ಹರಡಿದಾಗಲೆಲ್ಲ ಶೇವಂತಾ ಕೂರುತ್ತಿದ್ದ ಮೂಲೆಯಿಂದ ಒಂದು ಸೀನು ಕೇಳುತ್ತಿತ್ತು. ಗೌರಾ ತಿರುಗಿ ನೋಡುವಳು. ಬರಿಯ ಗೋಡೆ.

"ಯಾರ ಸೀನಿದ್ರಿ?"

"ಯಾರೂ ಇಲ್ರಿ ಅಕ್ಕೋರ..." ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡುವರು.

ದೀಪಾವಳಿ ಹತ್ತಿರವಾದಾಗ ಸಕ್ಕುಬಾಯಿ ಎಂಬ ಹುಡುಗಿ ಬಾಯಿತಪ್ಪಿ ಅಂದಳು, "ಪರವಾ ನಾ ಬರೂದಿಲ್ರಿ. ನಮ್ಮ ಮಾಮಾ ಬರ್ತಾನ."

"ಮೊನ್ನಿ ಬಂದಿದ್ಯಲ್ಲ ನೀ?"

"ಮೊನ್ನಿ ಅಲ್ರಿ, ನಾಡದ! ಹಿಂದಿಂದೂ ಪರವಾನ, ಮುಂದಿಂದೂ ಪರವಾನ. ಅಷ್ಟೂ ಗೊತ್ತಿಲ್ಲೇನ್ರಿ?"

ಹುಡುಗಿಯರು ಕಿಸಕ್ಕನೆ ನಕ್ಕರು. ಹಾಗಾದರೆ ಅಂದು ಅವನು ಹೇಳಿದ್ದು ನಾಡಿದ್ದು! ಗೌರಾಳ ಕೈಯಿಂದ ಮೊರ ಜಾರಿತು. ಪುಡಿ ಎದ್ದ ಆ ಗಳಿಗೆಯಲ್ಲಿ, ಮೂಲೆಯಲ್ಲಿ... ಯಾರೋ ಸೀನಿದರು.

ಅವಳು ಲಾರಿ ನಿಲ್ಲುವ ಜಾಗದವರೆಗೆ ಓಡಿದಳು. ರಾಜಾರಾಮ ಗಾಜು ಒರೆಸುತ್ತಿದ್ದ.

"ನೀವು ಪರವಾ ಅಂದ್ರಿ... ನಾ ಮೊನ್ನಿ ಅಂತ ತಿಳಕೊಂಡೆ!"

ಒರೆಸುತ್ತಿದ್ದ ಕೈ ನಿಂತಿತು. "ದೇವಾ... ನಾಡದ ಅಂತ ಹೇಳಿದ್ದೆ, ಅಕ್ಕೋರ. ನೀವು ಹೋಗಿ ತಡೀತೀರಿ ಅಂತ..."

"ಮೊನ್ನಿ ಅಂತ ಕಲಿಸಿದವ್ರು ನೀವ!"

"ಅರ್ಧಾನ ಕಲಿಸಿದ್ದೆ. ಅವತ್ತ ಲಾರಿ ನಿಲ್ಲಸಬೇಕಿತ್ತ ನಾ."

"ನಾ ಆಕಿ ಮನಿತನಾ ಹೋಗಬೇಕಿತ್ತ..."

ಅವನು ಅವಳ ಮುಖ ನೋಡದೆ ಹೇಳಿದ. "ಆಕಿ ಅವ್ವ ಅಂತಾಳ, ಲಗ್ನದ ತನಕಾ ಶೇವಂತಾ ಹೊಸ್ತಿಲದಾಗ ಕುಂತ ಬೀಡಿ ಕಟ್ಟಿದ್ಲಂತ. ಓಣಿ ನೋಡಕೋತ."

ಗೌರಾ ಅಲ್ಲೇ ಕೂತಳು. ಅವನೂ ಪಕ್ಕದಲ್ಲಿ, ಮಣ್ಣಿನ ಮೇಲೆ.

"ಇನ್ನಮುಂದ ಯಾವ ಹುಡುಗಿ ತಪ್ಪಿಸಿದ್ರೂ ಅವತ್ತಽ ಮನಿಗೆ ಹೋಗೂದು," ಎಂದಳು ಕಡೆಗೆ.

"ಇಬ್ಬರೂ?"

"ಇಬ್ಬರೂ. ನನಗ ಅರ್ಧಾ ತಿಳದಿದ್ದ ನಿಮಗ ಪೂರಾ ತಿಳೀತೈತಿ."

"ನಿಮ್ಮ ಮ್ಯಾಲ ಸಿಟ್ಟ ಮಾಡಕೊಂಡಿದ್ದೆ. ಆದ್ರೂ ದಿನಾ ನಿಮ್ಮ ದನಿ ಕೇಳಾಕ ಆ ಓಣಿಮುಂದಽ ಹಾದು ಹೋಗ್ತಿದ್ದೆ..." ಅವನು ಅವಳ ಕಡೆ ತಿರುಗಿದ. "ಐನಾಪುರಕ್ಕ ಬಂದು ನಿಮ್ಮ ಅಪ್ಪಾರನ್ನ ಕೇಳ್ಲಿ?"

"ಯಾವಾಗ?"

"ಪರ..."

ಅವಳು ಥಟ್ಟನೆ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. ಕಣ್ಣು ತುಂಬಿತ್ತು.

"ಕನ್ನಡದಾಗ ಹೇಳ್ರಿ."

"ನಾಡದ," ಎಂದ ಅವನು ಆ ಬೆರಳುಗಳ ನಡುವಿನಿಂದ. "ನಾಡದ ಬರ್ತೀನಿ... ಗೌರಾ."

ಅವನು ಬಂದ. ಮದುವೆಯಾದ ಮೇಲೆ ಇಬ್ಬರೂ ಗಡಿಯಾಚೆಯ ಆ ಊರಿಗೆ ಹುಡುಕಿಕೊಂಡು ಹೋದರು. ಶೇವಂತಾಳ ಗಂಡನ ಮನೆಗೆ ಬೀಗ ಹಾಕಿತ್ತು. ಕಬ್ಬು ಕಡಿಯಲು ಹೋಗಿದ್ದಾರೆ ಎಂದರು ನೆರೆಯವರು. ಯಾವ ಕಡೆಗೆ ಎಂದು ಯಾರಿಗೂ ತಿಳಿದಿರಲಿಲ್ಲ.

ಶೇವಂತಾ ಈಗ ಎಲ್ಲಿದ್ದಾಳೋ, ಆ ಅಕ್ಷರಗಳು ಅವಳಿಗೆ ನೆನಪಿವೆಯೋ, ನನಗೆ ಗೊತ್ತಿಲ್ಲ. ಆ ಮೂಲೆಯಲ್ಲಿ ಸೀನಿದ್ದು ಯಾರೆಂದೂ ಗೊತ್ತಿಲ್ಲ.